ಕಫದ ದಫ್ತರ

ಹೊರಗೆ ನಲವತ್ತಾರು ಡಿಗ್ರಿ. ಒಳಗೆ, ಪೆಟ್ಟಿಗೆಯಲ್ಲಿ, ಮೂವತ್ತೇಳು.
ಸೋಹಾರಿನ ಜೂನ್ ತಿಂಗಳಲ್ಲಿ
ರಸ್ತೆಗೆ ಡಾಂಬರು ಹಾಕುವವರಿಗಿಂತ
ತಣ್ಣಗೆ ಮಲಗಿರುತ್ತಿದ್ದವು ನನ್ನ ರೋಗಾಣುಗಳು.

ಇಪ್ಪತ್ತೊಂಬತ್ತು ವರ್ಷ ಇದೇ ಬೆಂಚು.
ಪ್ರಫುಲ್ಲಾ ನಾನು; ಅರಬಿಯಲ್ಲಿ 'ಪ' ಇಲ್ಲವಾಗಿ, ಬ್ರಫುಲ್ಲಾ.
ಬುಧವಾರಕ್ಕೊಮ್ಮೆ ಖಲ್ಫಾನ್ ತರುತ್ತಿದ್ದ ಕುರಿಯ ರಕ್ತ,
ಗಾಜಿನ ಮಣಿ ಹಾಕಿ ಕುಲುಕಿದ ಸೀಸೆಯಲ್ಲಿ,
ಜತೆಗೆ ಕುರಿಯ ಸ್ವಭಾವದ ವರದಿ:
"ಇವತ್ತಿನದು ಹಟಮಾರಿ, ಬ್ರಫುಲ್ಲಾ, ನೋಡಿಕೋ."
ಕಡಲಪಾಚಿಯ ಅಂಟಿಗೆ ಬೆರೆಸಿ ತಟ್ಟೆಗೆ ಹೊಯ್ದರೆ
ಹಟಮಾರಿಯೂ ಸುಮ್ಮನೆ ಹೆಪ್ಪುಗಟ್ಟುತ್ತಿತ್ತು.

ಆಗೆಲ್ಲ ಬರುತ್ತಿದ್ದವನು ಹೆಚ್ಚುಕಡಿಮೆ ಒಬ್ಬನೇ.
ಕಫ ಎಳೆದ ಗೆರೆಯುದ್ದಕ್ಕೂ ಹಸಿರು ಸುತ್ತಿಕೊಂಡು,
ಎರಡನೇ ದಿನಕ್ಕೆ ನಡು ಗುಳಿಬಿದ್ದು,
ಅಜ್ಜಿಯ ಚೆನ್ನೆಮಣೆಯನ್ನು ಯಾರೋ
ಸಾಸಿವೆಯಷ್ಟಕ್ಕೆ ಇಳಿಸಿದ ಹಾಗೆ, ನ್ಯುಮೊಕಾಕಸ್.
ಪೆನಿಸಿಲಿನ್ ಬಿಲ್ಲೆ ಇಟ್ಟರೆ ಮಾರು ದೂರ ನಿಲ್ಲುತ್ತಿದ್ದ,
ಸಾಲ ಕೊಟ್ಟವನನ್ನು ಕಂಡಂತೆ.
ವರ್ಷ ಹೋದ ಹಾಗೆ ಹತ್ತಿರ ಬಂದ.
ಕಡೆಗೆ ಬಿಲ್ಲೆಗೇ ಒರಗಿ ಕೂತ.

ಆಮೇಲೆ ಮಕ್ಕಳ ತೊಡೆಗೆ ಲಸಿಕೆ ಬಂತು.
ಚುಚ್ಚಿದ್ದು ಮೊಮ್ಮಕ್ಕಳಿಗೆ,
ಅಜ್ಜಂದಿರ ಎದೆಯಲ್ಲೂ ಅವನು ತೆಳ್ಳಗಾದ.
ಖಾಲಿ ಕೋಣೆ ಎಷ್ಟು ದಿನ ಖಾಲಿ ಇದ್ದೀತು?
ಹುಕ್ಕಾದವರ ಹಳೆಯ ಗೆಳೆಯ ಹೀಮೊಫಿಲಸ್ ಬಂತು,
ಕಾಯಿಸಿದ ರಕ್ತದ ಚಾಕಲೇಟು ತಟ್ಟೆಯಲ್ಲದೆ ಬೇರೆ ಮುಟ್ಟದು.
ಸಿಹಿಮೂತ್ರದವರ ಮನೆ ಹುಡುಕಿಕೊಂಡು ಕ್ಲೆಬ್ಸಿಯೆಲ್ಲಾ,
ತಂತಿಯ ತುದಿಗೆ ಹಲಸಿನ ಮೇಣದಂತೆ ಎಳೆ ಬಿಡುತ್ತ.
ಹಜ್ ಮುಗಿಸಿ ಬಂದ ಬಸ್ಸಿನಲ್ಲಿ ಇನ್ನಾರೋ.
ಮತ್ತೆ ಗೋಡೆಯೇ ಇಲ್ಲದ ಮೈಕೊಪ್ಲಾಸ್ಮಾ:
ಗೋಡೆ ಒಡೆಯುವ ಮದ್ದು
ಅಲ್ಲಿ ಹೋಗಿ ಏನು ಒಡೆಯಬೇಕು?

ಬಂದವು, ಅಂದೆ. ಬಂದವೋ,
ಮೊದಲೇ ಇದ್ದವೋ?

ನಿನ್ನೆ ಹಳೆಯ ದಫ್ತರಗಳನ್ನು ಕಟ್ಟುವಾಗ ತೆರೆದುಕೊಂಡ ಪುಟ.
ಗುಲಾಬ್ ಶೇರ್, ಸ್ವಾತ್ ಕಡೆಯವನು, ಮೂವತ್ನಾಲ್ಕು.
ಹೋಟೆಲಿನ ಮಾಳಿಗೆಯ ಮೇಲೆ
ಏಸಿಯ ನೀರಿನ ಟವರು ತೊಳೆಯುವ ಕೆಲಸ.
ಕೆಮ್ಮು ಇತ್ತು, ಕಫ ಬರಲಿಲ್ಲ, ಡಬ್ಬಿಯಲ್ಲಿ ಬರೀ ಎಂಜಲು.
ನನ್ನದೇ ದುಂಡು ಅಕ್ಷರ:
ಬಾಯಿಯ ಸಹಜ ವಾಸಿಗಳು ಮಾತ್ರ. ರೋಗಾಣು ಇಲ್ಲ.
ಅದರ ಮುಂದೆ ವಾರ್ಡಿನವರ ಕೆಂಪು ಶಾಯಿಯಲ್ಲಿ ಒಂದು ತಾರೀಖು,
ನಾಲ್ಕು ದಿನ ಬಿಟ್ಟು.

ಇದ್ದಿಲು ಬೆರೆಸಿದ ಕಪ್ಪು ತಟ್ಟೆ ಇದ್ದಿದ್ದರೆ,
ವಾರಗಟ್ಟಲೆ ಕಾಯುವ ಪುರುಸೊತ್ತು ಇದ್ದಿದ್ದರೆ,
ಟವರಿನ ನೀರಲ್ಲಿ ಏನಿತ್ತೆಂದು ಯಾರಾದರೂ ಕೇಳಿದ್ದರೆ.
ಲೀಜಿಯೊನೆಲ್ಲಾ ಎಂದು ಇವತ್ತಿಗೂ ಬರೆಯಲಾರೆ, ಪುರಾವೆ ಇಲ್ಲ.
'ಇಲ್ಲ' ಎಂದು ಬರೆಯುವಾಗ ಮಾತ್ರ
ಪುರಾವೆ ಯಾರೂ ಕೇಳಿರಲಿಲ್ಲ.

ನನ್ನ ಬೆಂಚಿನ ಮೇಲೀಗ ಯಂತ್ರ ಕೂತಿದೆ,
ಬ್ರೆಡ್ಡು ಕಾಯಿಸುವ ಪೆಟ್ಟಿಗೆಯಷ್ಟು ದೊಡ್ಡದು.
ಒಂದು ಗಂಟೆಗೆ ಇಪ್ಪತ್ತು ಹೆಸರು ಕೂಗಿ ಹಾಜರಿ ತೆಗೆಯುತ್ತದೆ.
ಕುರಿ ಬೇಡ, ಖಲ್ಫಾನ್ ಬೇಡ (ಅವನು ತೀರಿಕೊಂಡು ಎರಡು ವರ್ಷ),
ಬೆರಳಿಗೆ ನೇರಳೆ ಹತ್ತುವುದಿಲ್ಲ.
ಕೆಲವೊಮ್ಮೆ ಮೂರು ಮೂರು ಜನ 'ಹಾಜರ್' ಅನ್ನುತ್ತಾರೆ
ಒಂದೇ ಎದೆಯಿಂದ. ಬೆಂಕಿ ಇಟ್ಟವನು ಯಾರು,
ನೋಡಲು ನಿಂತವನು ಯಾರು, ಅದು ಹೇಳುವುದಿಲ್ಲ.

ಸಂಜೆಯ ಕೊನೆಯ ಮಾದರಿ, ಬಂದರಿನ ಕ್ರೇನಿನವನದು:
ಪತ್ತೆಯಾಗಿಲ್ಲ.
ಝುವೈನಾ ಸಹಿ ಹಾಕಲು ಹೊರಟಳು.
ನನ್ನ ಕೆಲಸಕ್ಕೆ ನಾಳೆಯಿಂದ ಅವಳು.
ತಡೆ ಮಗಳೇ, ಅಂದೆ, ಹೀಗೆ ಬರೆ:
'ನಾವು ಕೇಳಿದ ಇಪ್ಪತ್ತು ಹೆಸರುಗಳಲ್ಲಿ ಇಲ್ಲ.'
ನಕ್ಕಳು. ಅಷ್ಟುದ್ದ ಬರೆಯಲು
ಪರದೆಯ ಮೇಲೆ ಜಾಗವಿಲ್ಲವಂತೆ.

ಪೆನ್ನು ತೆಗೆದುಕೊಟ್ಟೆ.